ಅಂಚಿನಲ್ಲಿದ್ದ ಶಿಲುಬೆ

ಮಾಸ್ಟ್ರಿಕ್ಟ್‌ನಲ್ಲಿ ನಮ್ಮ ಕೆಳಮನೆಯ ಡಚ್ ಅಜ್ಜಿಗೆ ತಮ್ಮ ವಂಶದ ಬೇರು ಹುಡುಕುವ ಹುಚ್ಚು. ಅವರ ಹಿರಿಯರು ಫ್ರಾನ್ಸಿನ ಒಂದು ಹಳ್ಳಿಯವರು. ಅಲ್ಲಿನ ಚರ್ಚಿನ ಪಾದ್ರಿಗಳು ಬರೆದಿಟ್ಟ, ಹುಟ್ಟಿದ ಮಕ್ಕಳ ದೀಕ್ಷಾಸ್ನಾನದ ದಾಖಲೆಗಳು ಈಗ ಕಂಪ್ಯೂಟರಿನಲ್ಲೇ ಸಿಗುತ್ತವೆ. ಅಜ್ಜಿಯ ಕಣ್ಣು ಮಂಜು. ನನಗೆ ಧಾರವಾಡದಲ್ಲಿ ಕಲಿತ ಫ್ರೆಂಚ್ ಇತ್ತು, ಬಸುರಿಯಾಗಿ ಮನೆಯಲ್ಲಿ ಕೂತ ಬೇಸರವೂ ಇತ್ತು. ಓದಿಕೊಡುತ್ತೇನೆಂದೆ.

ಶಿವನೇ, ಅದೇನು ಬರಹ! ಬರೀ ಕಾಗೆ ಕಾಲು, ಗುಬ್ಬಿ ಕಾಲು. ‘ತಾಯಿ’, ‘ಹುಟ್ಟಿದ’ ಎಂಬಂಥ ಪದಗಳು ಎಲ್ಲ ಕಡೆಯೂ ಬರುತ್ತವೆ; ಅವುಗಳಿಂದ ಪಾದ್ರಿಯ ಒಂದೊಂದೇ ಅಕ್ಷರ ಹಿಡಿದುಕೊಂಡು ಉಳಿದದ್ದನ್ನು ಬಿಡಿಸಬೇಕು. ಕೆಲವು ಮಕ್ಕಳ ಹೆಸರಿನ ಪಕ್ಕ, ಅಂಚಿನಲ್ಲಿ, ಪುಟ್ಟ ಶಿಲುಬೆಯಿತ್ತು. ನಾವು ಹಾಳೆಯ ಮೇಲ್ತುದಿಯಲ್ಲಿ ‘ಶ್ರೀ’ ಬರೆಯುವುದಿಲ್ಲವೇ, ಹಾಗೆ ಇದೂ ಆಶೀರ್ವಾದ ಅಂದುಕೊಂಡೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನನ್ನ ಹೆರಿಗೆಯ ದಿನಕ್ಕೆ ಕುಂಕುಮದಿಂದ ‘ಶ್ರೀ’ ಬರೆದು, ಪಕ್ಕದಲ್ಲೊಂದು ಶಿಲುಬೆಯನ್ನೂ ಎಳೆದೆ. ಮೊದಲ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಯಾವ ದೇವರನ್ನೂ ಬಿಡುವ ಧೈರ್ಯ ನನಗಿರಲಿಲ್ಲ.

ಒಂದು ಬೆಳಿಗ್ಗೆ ಹಿಗ್ಗಿನಿಂದ ಅಜ್ಜಿಗೆ ಹೇಳಿದೆ, ನಿಮ್ಮ ಮನೆತನದಲ್ಲಿ ಎಷ್ಟೊಂದು ಮಕ್ಕಳಿಗೆ ಆಶೀರ್ವಾದ ಸಿಕ್ಕಿದೆ ನೋಡಿ ಎಂದು. ಅವರು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು.

“ಅಲ್ಲಮ್ಮ, ಅವು ಸತ್ತುಹೋದ ಮಕ್ಕಳು,” ಎಂದರು ಇಂಗ್ಲಿಷಿನಲ್ಲಿ. ಕೂಸು ತೀರಿಕೊಂಡ ಮೇಲೆ ಪಾದ್ರಿ ಅದರ ಹೆಸರು ಹುಡುಕಿ ಆ ಗುರುತು ಹಾಕುತ್ತಿದ್ದನಂತೆ.

ಮೇಲೆ ಬಂದವಳೇ ಕ್ಯಾಲೆಂಡರಿನ ಆ ಹಾಳೆಯನ್ನು ಹರಿದು ಚಿಂದಿ ಮಾಡಿದೆ. ಆಗ ಹೊಳೆಯಿತು, ಎದ್ದಾಗಿನಿಂದ ಕೂಸು ಒಮ್ಮೆಯೂ ಒದ್ದಿಲ್ಲ.

“ರೀ, ಕೂಸು ಮಿಸುಕಾಡವಲ್ತು. ನಾನ ಸಾವಿನ ಗುರುತು ಹಾಕಿ ಕೊಟ್ಟೆ,” ಎಂದು ಗಂಡನೆದುರು ಅತ್ತೆ.

“ಹುಚ್ಚಿ ಏನ್ ನೀ? ಒಂದ್ ಗೀಟ್ ಎಳದ್ರ ಏನಾಗ್ತದ?” ಎಂದು ಗದರಿದರು. ಗದರುತ್ತಲೇ ಫೋನ್ ಒತ್ತಿದರು.

ಇಲ್ಲಿ ಬಸುರಿಯರನ್ನು ನೋಡಿಕೊಳ್ಳುವವಳು ಡಾಕ್ಟರಲ್ಲ, ಸೂಲಗಿತ್ತಿ. ಕೂಡಲೇ ಬರಹೇಳಿದಳು. ಹೊಟ್ಟೆಗೆ ತಣ್ಣನೆಯ ಜೆಲ್ ಸವರಿ, ಕೂಸಿನ ಎದೆಬಡಿತ ಕೇಳಿಸುವ ಯಂತ್ರ ಒತ್ತಿದಳು. ಬರೀ ಗೊರಗೊರ. ಸರಿಸಿದಳು, ಮತ್ತೆ ಗೊರಗೊರ. ಅವಳ ಮುಖವನ್ನೇ ನೋಡಿದೆ, ಏನೂ ತಿಳಿಯಲಿಲ್ಲ. ಒದಿ ನನ್ನಪ್ಪಾ, ಎಷ್ಟು ಬೇಕಾದರೂ ಒದಿ ಎಂದು ಒಳಗೊಳಗೇ ಬೇಡಿಕೊಂಡೆ. ಆಮೇಲೆ, ಎಡಗಡೆ ಕೆಳಗೆ, ದಬದಬ ದಬದಬ.

ಸೂಲಗಿತ್ತಿ ನಕ್ಕು ಯಂತ್ರ ಎತ್ತಹೋದಳು. ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ.

“ತಗೀಬ್ಯಾಡ್ರೀ ನಮ್ಮವ್ವಾ, ಇನ್ನೊಂಚೂರು ಕೇಳ್ಸ್ರೀ.”

ಕನ್ನಡದಲ್ಲೇ ಹೇಳಿಬಿಟ್ಟಿದ್ದೆ. ಅವಳು ತೆಗೆಯಲಿಲ್ಲ.