ಬುಡ ಯಾವುದು, ತುದಿ ಯಾವುದು

ನಮ್ಮಣ್ಣ ದಿನಕ್ಕೆ ಎಷ್ಟು ಸಲ ಆ ಪ್ರಶ್ನೆ ಕೇಳುತ್ತಿದ್ದನೋ ದೇವರಿಗೇ ಗೊತ್ತು. ಮರ ದಿಮ್ಮಿಯಾಗಿ ಬಿದ್ದಿದ್ದಾಗ ಕೇಳುತ್ತಿದ್ದ, ಕೊಯ್ದ ಮೇಲೆ ಕೇಳುತ್ತಿದ್ದ, ನಾನು ಬಾಚಿ ಹಿಡಿದು ಸವರುತ್ತಿದ್ದರೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮತ್ತೆ ಕೇಳುತ್ತಿದ್ದ.

"ಬುಡ ಯಾವುದೋ?"

ತೋರಿಸಿದರೂ ಮುಗಿಯುತ್ತಿರಲಿಲ್ಲ. "ಸರಿಯಾಗಿ ನೋಡಿದ್ಯಾ?"

ಕೇಳುವುದರಲ್ಲಿ ತಪ್ಪೇನೂ ಇರಲಿಲ್ಲ. ಮರ ಕಾಡಿನಲ್ಲಿ ಹೇಗೆ ನಿಂತಿತ್ತೋ ಬಾಗಿಲಲ್ಲೂ ಹಾಗೇ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ. ತಲೆಕೆಳಗಾದ ಕಂಬವಿರುವ ಬಾಗಿಲಲ್ಲಿ ಹೋಗಿಬರುವ ಮನೆ ಏಳಿಗೆಯಾಗುವುದಿಲ್ಲ ಎಂದು ನಮ್ಮ ಮರಗೆಲಸದವರೂ ನಂಬಿದ್ದರು, ಮನೆ ಕಟ್ಟಿಸುವವರೂ ನಂಬಿದ್ದರು. ಆದರೆ ಚೌಕ ಮಾಡಿದ ಮೇಲೆ ಎರಡು ಕೊನೆಯೂ ಒಂದೇ ತರ ಕಾಣುತ್ತವೆ. ಅದಕ್ಕೇ ಬುಡದ ಕೊನೆಗೆ ಕೆಮ್ಮಣ್ಣಿನ ಗೆರೆ ಎಳೆಯುವುದು. ಸವರುವಾಗ ಗೆರೆ ಹೋದರೆ ಆಗಲೇ ಇನ್ನೊಂದು ಎಳೆಯಬೇಕು. ಆ ಕೆಲಸ ನನ್ನದು. ಓದಿನಲ್ಲೂ ನಾನು ಮೂರನೇ ಕ್ಲಾಸಿಗೆ ನಿಂತವನು, ಉಳಿ ಕೈಗೆ ಕೊಟ್ಟರೆ ಗಿಳಿಯ ಕೊಕ್ಕು ಕಾಗೆಯದಾಗುತ್ತಿತ್ತು. ಹಾಗಾಗಿ ಒರಟು ಕೆಲಸವೆಲ್ಲ ನನಗೆ, ಕೆತ್ತನೆ ಅಣ್ಣನಿಗೆ.

ಕೊಡಗು ಆಗ ತನ್ನಷ್ಟಕ್ಕೆ ತಾನೇ ಒಂದು ರಾಜ್ಯ. ಮಂತ್ರಿಗಳು ಮಡಿಕೇರಿಯಲ್ಲೇ ಇರುತ್ತಿದ್ದರು. ಶನಿವಾರಸಂತೆ ಕಡೆಯ ಏಲಕ್ಕಿ ತೋಟದ ಯಜಮಾನರೊಬ್ಬರಿಗೆ ಹೊಸ ಮನೆಯ ಗೃಹಪ್ರವೇಶಕ್ಕೆ ಒಬ್ಬ ಮಂತ್ರಿಯನ್ನಾದರೂ ಕರೆಸುವ ಹುಚ್ಚು. ಬಾಗಿಲು ಅದಕ್ಕೆ ತಕ್ಕ ಹಾಗಿರಬೇಕೆಂದು ತಮ್ಮದೇ ಜಮೀನಿನ ಹಲಸಿನ ಮರ ಕಡಿಸಿ ನಮ್ಮನ್ನು ಕರೆದರು. ಅಪ್ಪ ಹೋದ ಮೇಲೆ ಅಣ್ಣ ತಾನೇ ಒಪ್ಪಿಕೊಂಡ ಮೊದಲ ದೊಡ್ಡ ಬಾಗಿಲು ಅದು. ಚೆನ್ನಾಗಿ ನಿಂತರೆ ಆ ಸೀಮೆಯ ಮನೆಗಳೆಲ್ಲ ಕರೆಯುತ್ತವೆ, ಕೆಟ್ಟರೆ ಅಪ್ಪನ ಹೆಸರೂ ಜೊತೆಗೆ ಹೋಗುತ್ತದೆ. ಇದನ್ನೂ ಅವನು ದಿನಾ ಹೇಳುತ್ತಿದ್ದ.

ಒಂದು ಬೆಳಿಗ್ಗೆ ಬಲಗಡೆಯ ಕಂಬ ಸವರುತ್ತಿದ್ದೆ. ಗೆರೆ ಚಕ್ಕೆಯ ಜೊತೆ ಹಾರಿಹೋಗಿದೆ, ನಾನು ನೋಡಿಲ್ಲ. ಕಂಬವನ್ನು ಆ ಕಡೆ ಈ ಕಡೆ ಹೊರಳಿಸಿದ್ದೂ ಆಗಿದೆ. ಅಣ್ಣ ಬಂದ.

"ಬುಡ ಯಾವುದೋ?"

"ಇದೇ."

"ಗೆರೆ ಇಲ್ವಲ್ಲೋ?"

"ಅಯ್ಯೋ, ಇದೇ ಕಣೋ! ಎಷ್ಟು ಸಲ ಹೇಳ್ಸ್ತೀಯ? ನಂಬಿಕೆ ಇಲ್ದಿದ್ರೆ ನೀನೇ ಸವರ್ಕೊ!"

ನಾನು ಸಿಟ್ಟಿನಲ್ಲಿ ಕೈಗೆ ಹತ್ತಿರವಿದ್ದ ಕೊನೆಗೆ ಕೆಮ್ಮಣ್ಣು ಬಳಿದೆ. ಆ ಗೆರೆಯನ್ನು ನಂಬಿ ಅವನು ಕೆತ್ತಲು ಕೂತ. ಕೆಳಗೆ ಕಲಶ, ಕಲಶದಿಂದ ಬಳ್ಳಿ, ಬಳ್ಳಿಯ ಸುತ್ತಿಗೊಂದು ಗಿಳಿ.

ಅವನ ಬಳ್ಳಿ ಅರ್ಧ ಕಂಬ ಏರಿದ್ದಾಗ ನಾನು ಗೋಡೆಗೆ ಹೋಗುವ ಹಿಂಬದಿಯನ್ನು ಉಜ್ಜುತ್ತಿದ್ದೆ. ಅಲ್ಲೊಂದು ಗಂಟು ಸಿಕ್ಕಿತು. ಕೊಂಬೆ ಯಾವತ್ತೂ ಮೇಲ್ಮುಖವಾಗಿ ಹೊರಡುತ್ತದೆ, ಗಂಟು ವಾಲಿದ ಕಡೆ ತುದಿ. ಈ ಗಂಟು ಕಲಶದ ಕಡೆಗೆ ವಾಲಿತ್ತು. ಅಂದರೆ ಕಲಶ ಕೂತದ್ದು ಮರದ ತುದಿಯಲ್ಲಿ. ಅದೇ ದಿಮ್ಮಿಯಲ್ಲಿ ಹೆಚ್ಚಿಗೆ ಕೊಯ್ದಿಟ್ಟ ಇನ್ನೊಂದು ಕಂಬ ಗೆರೆ ಸಮೇತ ಕೊಟ್ಟಿಗೆಯಲ್ಲಿತ್ತು. ಹೇಳಿದ್ದರೆ ಆಗುತ್ತಿತ್ತು. ಆದರೆ ಹೇಳಿದರೆ ಇವನು ಮೊದಲಿಂದ ಶುರು ಮಾಡುತ್ತಾನೆ, ನನಗೆ ಮತ್ತೆ ಅದೇ ಸವರುವ ಕೆಲಸ, ಮತ್ತೆ ಅದೇ "ಬುಡ ಯಾವುದೋ". ಬೇಡವೇ ಬೇಡ ಅನ್ನಿಸಿತು. ಗಂಟಿನ ಮೇಲೆ ಇನ್ನೆರಡು ಸಲ ಜೋರಾಗಿ ಉಜ್ಜಿದೆ, ಉಜ್ಜಿದರೆ ಅದೇನು ತಿರುಗಿಕೊಳ್ಳುತ್ತದೆಯೇ!

ಬಾಗಿಲು ನಿಲ್ಲಿಸುವ ದಿನಕ್ಕೂ ಕರೆದಿದ್ದ ಮಂತ್ರಿ ಬರಲಿಲ್ಲ, ಊರೆಲ್ಲ ಬಂದಿತ್ತು. ಹೊಸ್ತಿಲಿಗೆ ಅರಿಶಿನ ಹಚ್ಚಿ ಆಯಿತು. ಕಂಬ ಎತ್ತುವ ಮೊದಲು ಮನೆಯವರು ಕೇಳಬೇಕು, ಕೆಲಸದವನು ಉಳಿ ಮುಟ್ಟಿ ಉತ್ತರ ಕೊಡಬೇಕು. ಆ ಕಡೆ ಅದೊಂದು ಶಾಸ್ತ್ರ. ಯಜಮಾನರ ತಾಯಿ ಮುಂದೆ ಬಂದು, "ಬುಡ ಭೂಮಿಗೈತೇನಪ್ಪಾ?" ಎಂದರು.

ಅಣ್ಣ ಎಡಗಂಬದ ಉದ್ದಕ್ಕೂ ಅಂಗೈ ಸವರಿದ. ಬಲಗಂಬದ ಹಿಂಬದಿಗೆ ಬಂದಾಗ ಕೈ ಗಂಟಿನ ಮೇಲೆ ನಿಂತಿತು. ಬಗ್ಗಿ ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಮಾವಿನೆಲೆ ಕಟ್ಟುತ್ತಿದ್ದವನ ಹಾಗೆ ಮೇಲೆ ನೋಡಿದೆ.

"ಇಲ್ಲ ಅವ್ವ," ಎಂದ. "ಈ ಕಂಬ ತಲೆಕೆಳಗಾಗೈತೆ. ತಪ್ಪು ನಂದು."

ಯಜಮಾನರು ಹಣೆ ಚಚ್ಚಿಕೊಂಡರು. "ಆಚಾರ್ರೇ, ಹೊತ್ತು ಮೀರ್ತಾ ಐತೆ! ಯಾರಿಗೆ ಕಾಣ್ತದೆ? ನಿಲ್ಸಿ ಅತ್ಲಾಗೆ!"

"ನಿಂಗೆ ಕಾಣಲ್ಲ," ಎಂದರು ತಾಯಿ. "ನಾನು ಈ ಬಾಗ್ಲಾಗೆ ನಾಳೆ ಬರೋ ಸೊಸೇನ ಹೆಂಗ್ ಕರ್ಕೊಳ್ಳಲಿ?"

"ಮೂರು ತಿಂಗ್ಳು ಏನ್ ಕೆತ್ತಿದ್ನಂತೆ, ಬುಡ ತುದಿ ಗೊತ್ತಿಲ್ದೆ?" ಎಂದು ಹಿಂದಿನಿಂದ ಯಾರೋ ನಕ್ಕರು. "ಇವ್ರಪ್ಪ ಇದ್ದಿದ್ರೆ ಹಿಂಗಾಗ್ತಿತ್ತಾ?"

ನಾನು ಬಾಯಿ ತೆರೆಯಬೇಕಾದದ್ದು ಆಗ. ನಾಲಿಗೆ ಒಣಗಿ ಅಂಟಿಕೊಂಡಿತ್ತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನಾಲಿಗೆ ಚೆನ್ನಾಗಿಯೇ ಇತ್ತು, ಅಡಿಗೆಯವರ ಹತ್ತಿರ ಮಜ್ಜಿಗೆ ಕೇಳಿ ಕುಡಿದೆ.

ಪೂಜೆಗೆ ಬಂದಿದ್ದ ಅಯ್ಯನವರು ಮಧ್ಯಾಹ್ನದ ಮೇಲೆ ಇನ್ನೊಂದು ಹೊತ್ತು ಹುಡುಕಿಕೊಟ್ಟರು. ಕೊಟ್ಟಿಗೆಯ ಬೋಳು ಕಂಬವನ್ನು ಅಲ್ಲೇ ಸವರಿ, ಹೊಸ್ತಿಲಲ್ಲಿ ಕೂರುವ ಹಾಗೆ ಕಚ್ಚು ತೆಗೆದು ನಿಲ್ಲಿಸಿದೆವು. ನಿಂತಲ್ಲೇ ಕೆತ್ತಿಕೊಡುತ್ತೇನೆ ಎಂದು ಅಣ್ಣ ಹೇಳಿದ. "ಸಾಕು ಬಿಡಿ," ಎಂದರು ಯಜಮಾನರು. ಎಡಕ್ಕೆ ಬಳ್ಳಿ, ಗಿಳಿ, ಬಲಕ್ಕೆ ಬರೀ ಬೋಳು ಕಂಬ. ಆ ಬಾಗಿಲು ಈಗಲೂ ಹಾಗೇ ಇದೆ. ಆ ಸೀಮೆಯ ಯಾವ ಮನೆಯವರೂ ನಮ್ಮನ್ನು ಮತ್ತೆ ಕರೆಯಲಿಲ್ಲ.

ಬೇಡವಾದ ಕಂಬವನ್ನು ಅಣ್ಣ ಗಾಡಿಯಲ್ಲಿ ಮನೆಗೆ ತಂದು, ಜಗಲಿಯಲ್ಲಿ ಅಡ್ಡ ಮಲಗಿಸಿ ಕೂರುವ ಮಣೆ ಮಾಡಿದ. ದಾರಿಯಲ್ಲಾದರೂ ಬೈಯುತ್ತಾನೆಂದು ಕಾದೆ. ಎತ್ತುಗಳನ್ನು ಬೈದ, ಗಾಡಿಯವನನ್ನು ಬೈದ, ನನ್ನನ್ನಲ್ಲ. ಬೈದಿದ್ದರೆ ನಾನೂ ಕೂಗಾಡಿ ಒಪ್ಪಿಕೊಂಡು ಹಗುರಾಗುತ್ತಿದ್ದೆ. ಆ ಮನುಷ್ಯನಿಗೆ ಅಷ್ಟೂ ಉಪಕಾರ ಮಾಡಲು ಬರಲಿಲ್ಲ.

ಅವನಿಗೆ ಕಣ್ಣು ಮಂಜಾದ ಮೇಲೆ ಒಂದು ಸಂಜೆ, ಅದೇ ಮಣೆಯ ಮೇಲೆ ಕೂತಿದ್ದಾಗ, ಧೈರ್ಯ ಮಾಡಿದೆ. "ಅಣ್ಣ, ಆವತ್ತು ಆ ಗೆರೆ..."

"ಯಾವ ಗೆರೆನೋ? ಹೋಗು, ಮುದ್ದೆ ತಣ್ಣಗಾಗ್ತದೆ."

ಆ ಬಾಗಿಲಿನ ಮನೆಯಿಂದ ಬಂದ ಮೇಲೆ ಅವನು ಕಿಟಕಿ, ಮಂಚ, ಗಾಡಿಯ ನೊಗ ಎಲ್ಲ ಮಾಡಿದ. ನಾನೇ ಸವರಿಕೊಟ್ಟೆ. ಕೆಮ್ಮಣ್ಣಿನ ಕುಡಿಕೆ ಮಾತ್ರ ತನ್ನ ಪಕ್ಕದಲ್ಲಿಟ್ಟುಕೊಂಡು ಗೆರೆ ತಾನೇ ಎಳೆಯುತ್ತಿದ್ದ. ಪ್ರತಿ ತುಂಡು ಎತ್ತಿಕೊಟ್ಟಾಗಲೂ ನಾನು ಒಂದು ಗಳಿಗೆ ಕೈಬಿಡದೆ ಹಿಡಿದುಕೊಂಡಿರುತ್ತಿದ್ದೆ, ಕೇಳಲಿ ಎಂದು. ಬುಡ ಯಾವುದೆಂದು ಅವನು ನನ್ನನ್ನು ಮತ್ತೆ ಕೇಳಲೇ ಇಲ್ಲ.