ಎರಡು ಸಲ ಮಿನುಗುವ ಬೆಳಕು

ಮದ್ದಿನ ವಾಸನೆ ಇನ್ನೂ ನನ್ನ ಸೀರೆಯಲ್ಲಿದೆ. ನಮ್ಮ ಕಡೆ ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ, ಯಾರಾದರೂ ತೀರಿಕೊಂಡರೆ ಎರಡು. ಮೊನ್ನೆ ನಾಪೋಕ್ಲಿನಲ್ಲಿ ಎರಡು ಹಾರಿಸಿದ್ದು ನಮ್ಮ ಹಳೆಯ ನೆರೆಮನೆಯ ಹವಾಲ್ದಾರ್ ಮಾವನಿಗೆ...

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಮಾವ ಪಟಾಲಮ್ಮಿನಿಂದ ನಿವೃತ್ತರಾಗಿ ಬಂದಿದ್ದರು. ಅವರ ಹೆಂಡತಿಗೆ, ನನ್ನ ಬಾಯಲ್ಲಿ ಅತ್ತೆಗೆ, ಎದೆನೋವು, ಸಂಜೆ ಹೊತ್ತು ಜಗಲಿಯಲ್ಲಿ ಮಲಗಿರುತ್ತಿದ್ದರು. ಕಾಫಿ ಕುಯ್ಲಿನ ಒಂದು ಸಂಜೆ ಅವರೇ ಮೊದಲು ಅದನ್ನು ಕಂಡದ್ದು. ಬೆಟ್ಟದ ಮೇಲಿಂದ ಒಂದು ಚುಕ್ಕಿ ಸದ್ದಿಲ್ಲದೆ ಬಂತು. ಬೆನ್ನುಬೆನ್ನಿಗೆ ಎರಡು ಸಲ ಮಿನುಗಿ ಆರಿತು. ಸ್ವಲ್ಪ ಮುಂದೆ ಹೋಗಿ ಮತ್ತೆ ಎರಡು ಸಲ.

"ಎರಡು... ಕಂಡ್ರಾ? ನಂಗೇ ಬಂದದ್ದು ಅದು," ಎಂದರು ಅತ್ತೆ.

ಅವತ್ತಿನಿಂದ ಗಂಜಿ ಬೇಡ, ಔಷಧಿ ಬೇಡ. ಆ ಬೆಳಕಾದರೂ ಸುಮ್ಮನಿತ್ತೇ? ಹಟ ಹಿಡಿದ ಹಾಗೆ ದಿನಾ ಸಂಜೆ ಬರುತ್ತಿತ್ತು. ನಾನಂತೂ ಅತ್ತೆಯ ಪಕ್ಕಕ್ಕೆ ಸರಿದು ಕೂರುತ್ತಿದ್ದೆ. ಮಾವ ಮಾತ್ರ ಕೈಗಡಿಯಾರ ಹಿಡಿದು ಅಂಗಳದಲ್ಲಿ ನಿಂತು ಹೊತ್ತು, ದಿಕ್ಕು ಎಲ್ಲ ಬರೆದುಕೊಂಡರು.

"ಖಾಲಿ ರಾಕೆಟ್ಟು ಮಾರಾಯ್ತಿ. ಉರುಳ್ತಾ ಹೋಗ್ವಾಗ ಬಿಸಿಲು ಬಿದ್ದು ಹೊಳೀತದೆ, ಅಷ್ಟೇ," ಎಂದು ಎಷ್ಟು ಹೇಳಿದರೂ ಅತ್ತೆ ಕೇಳಲಿಲ್ಲ. ಕೊನೆಗೆ ಮಾವ, ಅದು ಯಾವ ಉಪಗ್ರಹ ತಿಳಿಸಿ ಎಂದು ದೂರದ ಒಂದು ವೀಕ್ಷಣಾಲಯಕ್ಕೆ ಕಾಗದ ಬರೆದರು.

ಉತ್ತರ ಇಂಗ್ಲಿಷಿನಲ್ಲಿ ಬಂತು, ಮಾವ ಮೊದಲು ಓದಿಕೊಂಡರು. "ಇವರು ನನ್ನ ಸಮಾಧಾನಕ್ಕೆ ಏನು ಬೇಕಾದ್ರೂ ಹೇಳ್ತಾರೆ. ನೀನು ಓದು ಮಗಳೇ," ಎಂದು ಅತ್ತೆ ಅದನ್ನು ನನ್ನ ಕೈಗೆ ಕೊಡಿಸಿದರು. ನನ್ನದು ಹೈಸ್ಕೂಲಿನ ಇಂಗ್ಲಿಷು, ಆದರೂ ಅರ್ಥವಾಯಿತು. ಆ ಹೊತ್ತಿನಲ್ಲಿ, ಆ ದಿಕ್ಕಿನಲ್ಲಿ ತಮಗೆ ತಿಳಿದ ಯಾವ ಉಪಗ್ರಹವೂ ಇರಲಿಲ್ಲ ಎಂದು ಬರೆದಿದ್ದರು.

ತಲೆ ಎತ್ತಿದೆ. ಅತ್ತೆಯ ಬೆನ್ನ ಹಿಂದೆ ಮಾವ ನನಗೆ ಕೈ ಮುಗಿದು ನಿಂತಿದ್ದರು. ಅಯ್ಯೋ, ಅಷ್ಟು ದೊಡ್ಡ ಮನುಷ್ಯ, ನನಗೆ!

ಓದಿದೆ. ಮಾವ ಹೇಳುತ್ತಿದ್ದ ಖಾಲಿ ರಾಕೆಟ್ಟು, ಬಿಸಿಲು, ಎಲ್ಲವನ್ನೂ ಓದಿದೆ. ಹೆದರಬೇಡಿ ಎಂದೂ ಸೇರಿಸಿದೆ. ಅತ್ತೆ ನಕ್ಕು ಗಂಜಿ ತರಿಸಿಕೊಂಡು ಕುಡಿದರು. ಮಾವ ಒಳಗೆ ಹೋಗಿ ಅತ್ತರು.

ಎಂಟೇ ದಿನ. ಎರಡು ಗುಂಡಿನ ಸದ್ದು ಕೇಳಿತು. ಆ ಸಂಜೆ ಮಾವನೂ ನಾನೂ ಬೆಟ್ಟದ ಕಡೆ ನೋಡುತ್ತಾ ನಿಂತಿದ್ದೆವು... ಅದು ಬರಲಿಲ್ಲ. ಆಮೇಲೆಂದೂ ಬರಲಿಲ್ಲ. ಅದೇನೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

"ನೀನು ಓದಿದ್ದಕ್ಕೆ ಅವಳು ಹೆದರದೆ ಹೋದಳು," ಎಂದು ಸಿಕ್ಕಾಗಲೆಲ್ಲ ಮಾವ ಹೇಳುತ್ತಿದ್ದರು. ನಾನು ಸುಮ್ಮನಿರುತ್ತಿದ್ದೆ. ಯಾಕೆಂದರೆ ಕಾಗದ ಓದಿದ ಮಾರನೇ ದಿನ, ಮಾವ ಔಷಧಿಗೆ ಹೋಗಿದ್ದಾಗ, ಅತ್ತೆ ನನ್ನ ಕಿವಿ ಹಿಂಡಿದ್ದರು. "ಕಾಗದದಲ್ಲಿದ್ದದ್ದು ಎರಡು ಸಾಲು. ನೀನೆಷ್ಟು ಓದಿದ್ಯೇ ಕಳ್ಳಿ! ಇವರಿಗೆ ಹೇಳ್ಬೇಡ. ಪಾಪ, ನಿನ್ನೆಯೇ ಸರಿ ನಿದ್ದೆ ಮಾಡಿದ್ದು."

ಮೊನ್ನೆ ಎಲ್ಲರೂ ಹೊರಗೆ ಹೋಗುವವರೆಗೆ ಕಾದೆ. ಮಾವನ ತಲೆಯ ಹತ್ತಿರ ಕೂತು, ಕಿವಿಯ ಬಳಿ ಬಾಗಿ ಹೇಳಿದೆ. "ಮಾವ, ಅತ್ತೆಗೆ ಗೊತ್ತಿತ್ತು."