ಏಳದೆ ಕೂತವಳು

ಸವಾರಿ ಶಾಲೆಯ ಅಂಗಳದಲ್ಲಿ ಮೇಷ್ಟ್ರ ಬೆತ್ತ ಬೇಲಿಯ ಕಂಬಕ್ಕೆ ಬಡಿಯುತ್ತಿತ್ತು. "ಏಳು, ಕೂರು! ಏಳು, ಕೂರು!" ಕುಕ್ಕುಲೋಟದಲ್ಲಿ ಕುದುರೆ ಎತ್ತಿ ಹಾಕುವಾಗ ಸವಾರ ರಿಕಾಪಿನಲ್ಲಿ ಕಾಲೂರಿ ಎದ್ದು ಮತ್ತೆ ಜೀನಿಗೆ ಕೂರಬೇಕು. ಎಲ್ಲರೂ ಏಳುತ್ತಿದ್ದರು. ಬೂದು ಬಣ್ಣದ ಹೆಣ್ಣುಕುದುರೆ ಬೂದಿಯ ಮೇಲಿದ್ದ ಸಣಕಲು ಹುಡುಗಿ ಮಾತ್ರ ಏಳಲಿಲ್ಲ.

"ಏಯ್ ಕಡ್ಡಿ, ಜೀನಿಗೆ ಅಂಟು ಹಚ್ಚಿದಾರಾ?"

"ಬೂದಿ ನನ್ನ ಎಬ್ಬಿಸ್ತಾನೇ ಇಲ್ಲ ಮೇಷ್ಟ್ರೇ. ಸುಮ್ಸುಮ್ನೆ ಯಾಕೆ ಏಳ್ಲಿ?"

ನಿಜವೇ. ಎಷ್ಟು ವೇಗವಾಗಿ ಹೋದರೂ ಬೂದಿಯ ನಾಲ್ಕು ಗೊರಸುಗಳು ಒಂದೊಂದಾಗಿ ನೆಲ ಮುಟ್ಟುತ್ತಿದ್ದವು, ಮೇಜಿನ ಮೇಲೆ ಬೆರಳುಗಳು ಸಾಲಾಗಿ ಆಡಿದ ಹಾಗೆ. ಬೆನ್ನು ಕುಲುಕುತ್ತಿರಲಿಲ್ಲ. ಯಾರೂ ಕಲಿಸಿದ್ದಲ್ಲ, ಹುಟ್ಟಿನಿಂದ ಬಂದ ನಡೆ. ಮೇಷ್ಟ್ರ ಕಣ್ಣಿಗೆ ಅದು ಕೆಟ್ಟ ಚಾಳಿ. ಮುಂಗಾಲಿಗೆ ಸೀಸ ತುಂಬಿದ ಚರ್ಮದ ಪಟ್ಟಿ ಬಿಗಿದರೆ ದಾರಿಗೆ ಬರುತ್ತದೆ ಎಂದರು.

ಶಾಲೆಯ ಚರ್ಮದ ಸಾಮಾನು ಹೊಲಿಯುತ್ತಿದ್ದವಳು ಕಡ್ಡಿಯ ಅಮ್ಮ. ಅಮ್ಮ ಹೊಲಿದ ಜೀನುಗಳನ್ನು ಲಾಯಕ್ಕೆ ಹೊತ್ತು ಹೊತ್ತೇ ಕಡ್ಡಿ ಸವಾರಿ ಕಲಿತದ್ದು. ಪಟ್ಟಿಯನ್ನೂ ಅಮ್ಮನೇ ಹೊಲಿದಳು.

"ಭಾನುವಾರ ಪರೀಕ್ಷೆ. ಒಂದು ಸುತ್ತು ಎದ್ದು ಕೂತ್ರೆ ನಿನ್ನ ಗಂಟೇನು ಹೋಗತ್ತೆ?" ಎಂದಳು, ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡು. "ಪಾಸಾದ್ರೆ ಇಲ್ಲೇ ಕೆಲಸ. ನನ್ನ ಹಾಗೆ ಬೆರಳು ತೂತು ಮಾಡ್ಕೊಳ್ಳೋದು ತಪ್ಪತ್ತೆ."

"ಇದನ್ನ ಕಟ್ಟಿದ್ರೆ ಬೂದಿ ಎಡವ್ತಾಳಮ್ಮ. ನೋಡಿದೀಯಾ?"

ಅಮ್ಮ ನೋಡಿರಲಿಲ್ಲ.

ಭಾನುವಾರ ನೋಡಿದಳು. ಪಟ್ಟಿ ಬಿಗಿದಿದ್ದ ಬೂದಿ ಕೆಸರಿನಿಂದ ಕಾಲು ಕೀಳುವಂತೆ ಅಂಗಳಕ್ಕೆ ಬಂತು. ಕಡ್ಡಿ ಕೆಳಗೆ ಹಾರಿದಳು. ಪರೀಕ್ಷಕರ ಎದುರಿಗೇ ಎರಡೂ ಪಟ್ಟಿ ಬಿಚ್ಚಿ, ಬೇಲಿಯಾಚೆ ನಿಂತಿದ್ದ ಅಮ್ಮನ ಕಾಲ ಬಳಿ ಎಸೆದಳು. ಮತ್ತೆ ಹತ್ತಿ ಲಗಾಮು ಸಡಿಲ ಬಿಟ್ಟಳು.

"ಏಳು!" ಬೆತ್ತ ಬಡಿಯಿತು. ಅವಳು ಏಳಲಿಲ್ಲ. ಬೇಲಿ ಸರಸರ ಹಿಂದೆ ಸರಿಯಿತು. ಅವಳ ಜಡೆ ಬೆನ್ನ ಮೇಲೆ ಮಲಗಿದ ಹಾಗೇ ಇತ್ತು.

"ಏನಮ್ಮಾ, ನೋಡ್ತಾ ನಿಂತಿದೀಯಲ್ಲ! ಕುದುರೆ ಹಿಡಿದು ಪಟ್ಟಿ ಕಟ್ಟು!" ಮೇಷ್ಟ್ರು ಅಮ್ಮನ ಮೇಲೆ ರೇಗಿದರು.

ಅಮ್ಮ ಪಟ್ಟಿಗಳನ್ನು ಎತ್ತಿಕೊಂಡಳು. ಸೊಂಟದಿಂದ ಕತ್ತರಿ ತೆಗೆದಳು. ದಪ್ಪ ಚರ್ಮ, ಅವಳದೇ ಗಟ್ಟಿ ಹೊಲಿಗೆ; ಎರಡೂ ಕೈಯಲ್ಲಿ ಒತ್ತಬೇಕಾಯಿತು. ಸೀಸದ ತುಂಡುಗಳು ಮಣ್ಣಿಗೆ ಬಿದ್ದವು.

"ನನ್ನ ಹೊಲಿಗೆ ಸರಿಯಿಲ್ಲ ಮೇಷ್ಟ್ರೇ," ಎಂದಳು. "ನೋಡಿ, ಬಿಟ್ಟೇ ಹೋಯ್ತು."

ಪರೀಕ್ಷಕರು ಕಡ್ಡಿಯ ಹೆಸರಿನ ಮೇಲೆ ಗೆರೆ ಎಳೆದರು. ಮೇಷ್ಟ್ರ ಮುಖ ಕೆಂಪಾಯಿತು.

"ಫೇಲು! ಇಳಿ ಕೆಳಗೆ!"

"ಸುತ್ತು ಮುಗೀಲಿ," ಎಂದಳು ಕಡ್ಡಿ, ಕೂತಲ್ಲಿಂದಲೇ.